ಐದನೆಯ ಕಂಬಿ

"ಇದು ವಂದಾ ಡ್ರಾಫ್ಟ್ಸ್‌ಮನ್ನೇ ವೇಣಾಂ ಸಾರ್" ಎಂದು ಆ ಸಾಫ್ಟ್‌ವೇರಿನವನು ಹೇಳುವಾಗ ನಾನು ಅವನಿಗೇ ಕಾಫಿ ತರುತ್ತಿದ್ದೆ. ಇದು ಬಂದರೆ ನಕ್ಷೆ ಬರೆಯುವವನೇ ಬೇಡವಂತೆ. ನಕ್ಷೆ ಬರೆಯುವವನು ನಾನು. ಲೋಟವನ್ನು ಅವನ ಮುಂದೆ ಕುಕ್ಕಿದೆ. ಒಂದಿಷ್ಟು ಕಾಫಿ ಅವನ ಬಣ್ಣದ ಪುಸ್ತಿಕೆಯ ಮೇಲೆ ಚೆಲ್ಲಿತು. "ಪರವಾಯಿಲ್ಲ ಬ್ರೋ" ಎಂದು ನಕ್ಕ. ಅಂಥ ನಗು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಚೆನ್ನೈನ ಕೋಡಂಬಾಕ್ಕಂನಲ್ಲಿ ಒಂದು ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆ ನಮ್ಮ ಆಫೀಸು. ಪಂಢರಿನಾಥ ರಾಯರು ಸ್ಟ್ರಕ್ಚರಲ್ ಎಂಜಿನಿಯರ್. ಮನೆ ಹೇಗೆ ಕಾಣಬೇಕು ಅನ್ನುವುದು ಆರ್ಕಿಟೆಕ್ಟಿನ ಕೆಲಸ. ಅದು ಬೀಳದ ಹಾಗೆ ಎಲ್ಲಿ ಕಂಬ, ಎಷ್ಟು ದಪ್ಪ ಬೀಮು, ಅದರೊಳಗೆ ಎಷ್ಟು ಕಬ್ಬಿಣದ ಕಂಬಿ ಅನ್ನುವುದು ರಾಯರ ಕೆಲಸ. ಅವರು ಲೆಕ್ಕ ಹಾಕಿ ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಗೀಚಿ ಕೊಡುತ್ತಾರೆ. ನಾನು ಕಂಪ್ಯೂಟರಿನಲ್ಲಿ ಬರೆಯುತ್ತೇನೆ. ಪ್ರಿಂಟ್ ತೆಗೆದು ಕೊಟ್ಟರೆ ಅವರು ಸಹಿ ಹಾಕುತ್ತಾರೆ. ಹೀಗೇ ನಡೆದುಕೊಂಡು ಬಂದಿತ್ತು.

ನಾನು ಓದಿದ್ದು ಒಂಬತ್ತನೇ ಕ್ಲಾಸಿನ ಅರ್ಧದವರೆಗೆ. ಅಪ್ಪ ಶೀನ ಒಂದು ಹೋಟೆಲಿನಲ್ಲಿ ಸಪ್ಲೈಯರ್, ನಾನು ಅದೇ ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದೆ. ರಾಯರು ಸಂಜೆಯ ಟಿಫನ್ನಿಗೆ ಬರುತ್ತಿದ್ದರು. ನಾನೂ ಅಪ್ಪನೂ ಕನ್ನಡದಲ್ಲಿ ಜಗಳವಾಡುವುದನ್ನು ಕೇಳಿ, "ನಮ್ಮ ಭಾಷೇಲೇ ಬೈಸಿಕೊಳ್ತಾ ಇದೀಯಲ್ಲೋ, ನಾಳೆ ಆಫೀಸಿಗೆ ಬಾ" ಎಂದರು. ಮೊದಮೊದಲು ಪ್ರಿಂಟುಗಳನ್ನು ಸುತ್ತಿ ಸೈಟಿಗೆ ಒಯ್ಯುತ್ತಿದ್ದೆ. ಆಮೇಲೆ ಮೌಸ್ ಹಿಡಿಸಿದರು. ಈಗ ಚೆನ್ನೈನಲ್ಲಿ ನಾನು ಗೆರೆ ಎಳೆದ ಕಟ್ಟಡಗಳು ಎಷ್ಟೋ ಇವೆ. ಯಾವುದರ ಮೇಲೂ ನನ್ನ ಹೆಸರಿಲ್ಲ. ಇರಬೇಕೆಂದು ಕೇಳಿದವನೂ ಅಲ್ಲ. ಕಂಪ್ಯೂಟರಿನ ಮುಂದಿನ ಆ ಕುರ್ಚಿ ಒಂದು ಇದ್ದರೆ ಸಾಕಾಗಿತ್ತು.

ಸಾಫ್ಟ್‌ವೇರಿನ ಮಾತು ಎದ್ದದ್ದು ನಮ್ಮ ಕಳ್ಳ ಕಾಪಿ ಕೈಕೊಟ್ಟಾಗ. ಬೀಮು ಕಂಬಗಳ ಮೇಲೆ ಭಾರ ಹೇಗೆ ಹಂಚಿಕೊಳ್ಳುತ್ತದೆ ಎಂದು ಹೇಳುವ ಒಂದು ಹಳೆಯ ಪ್ರೋಗ್ರಾಂ ಇತ್ತು, ಯಾರೋ ಕಂಪ್ಯೂಟರ್ ರಿಪೇರಿಯವನು ಹಾಕಿಕೊಟ್ಟದ್ದು. ಒಂದು ಬೆಳಿಗ್ಗೆ ಅದು ತೆರೆಯಲೇ ಇಲ್ಲ. ರಾಯರ ಮಗಳು ಮಾನ್ಯಾ, ಅವಳೂ ಎಂಜಿನಿಯರ್, ಗಿಂಡಿ ಬಡಾವಣೆಯ ದೊಡ್ಡ ಕಂಪನಿ ಬಿಟ್ಟು ಅಪ್ಪನ ಜೊತೆ ಸೇರಿದ್ದಳು. "ಇನ್ನು ಕಾಸು ಕೊಟ್ಟೇ ತಗೋಬೇಕು ಪಾ. ತಿರುಟ್ಟು ಕಾಪಿ ನನ್ನ ಕೈಲಿ ಆಗಲ್ಲ" ಎಂದಳು. ಕದ್ದದ್ದು ಎನ್ನಲು ಅವಳಿಗೆ ಕನ್ನಡದ ಮಾತು ಸಿಗಲಿಲ್ಲ. ಸಿಟ್ಟು ಬಂದಾಗ ಅವಳಿಗೆ ತಮಿಳೇ ಬಾಯಿಗೆ ಬರುವುದು.

ಮೂರು ತರಿಸಿ ನೋಡಿದಳು. ಒಂದಕ್ಕೆ ವರ್ಷ ವರ್ಷವೂ ಬಾಡಿಗೆ ಕಟ್ಟಬೇಕು. ಇನ್ನೊಂದು ಬೇರೆ ದೇಶದ ನಿಯಮದಲ್ಲಿ ಲೆಕ್ಕ ಹಾಕಿ, ಇಲ್ಲಿ ಯಾವ ಅಂಗಡಿಯಲ್ಲೂ ಸಿಗದ ಅಳತೆಯ ಕಂಬಿ ಹೇಳುತ್ತಿತ್ತು. ಮೂರನೆಯದೇ ಈ ಕಾಫಿಯವನದು. ಭಾರ ಲೆಕ್ಕ ಹಾಕುವುದೂ ಅದೇ, ಕಂಬಿ ಎಷ್ಟೆಂದು ಹೇಳುವುದೂ ಅದೇ, ಕೊನೆಗೆ ಬೀಮಿನ ನಕ್ಷೆ ಬರೆದು ಕೊಡುವುದೂ ಅದೇ. ಗುಂಡಿ ಒತ್ತಿದ. ನಾನು ಒಂದು ಇಡೀ ದಿನ ಬರೆಯುವ ನಕ್ಷೆ ಪರದೆಯ ಮೇಲೆ ಬಡಬಡನೆ ಬಂದು ಕೂತಿತು. ಅಕ್ಷರಗಳು ಒಂದರ ಮೇಲೊಂದು ಹತ್ತಿದ್ದವು, ನೋಡಲು ಗಲೀಜು. ಆದರೆ ಬಂತು.

"ಹೇಗಿದೆ ರಜತ್?" ಎಂದಳು ಮಾನ್ಯಾ.

"ಕೋಳಿ ಕೆದರಿದ ಹಾಗಿದೆ ಮೇಡಂ."

"ಅದು ಸೆಟ್ಟಿಂಗ್ಸ್‌ನಲ್ಲಿ ಸರಿ ಹೋಗತ್ತೆ."

ಸರಿ ಹೋಗುತ್ತದೆ ಎಂದು ನನಗೂ ಗೊತ್ತಿತ್ತು.

ಪರದೆಯ ಮೇಲೆ ಬಂದ ಒಂದು ಅಂಕಿಯನ್ನು ಪರೀಕ್ಷಿಸಲು ರಾಯರು ತಮ್ಮ ಕ್ಯಾಲ್ಕುಲೇಟರನ್ನು ಎಳೆದುಕೊಂಡು ಪಟಪಟ ಒತ್ತತೊಡಗಿದರು. ದಿನಸಿ ಅಂಗಡಿಗಳಲ್ಲಿ ಇರುತ್ತದಲ್ಲ, ದಪ್ಪ ದಪ್ಪ ಗುಂಡಿಯ ದೊಡ್ಡ ಕ್ಯಾಲ್ಕುಲೇಟರು, ಅದು. ಕಣ್ಣು ಕಾಗದದ ಮೇಲೆ, ಬೆರಳು ಗುಂಡಿಯ ಮೇಲೆ. ಕ್ಯಾಲ್ಕುಲೇಟರನ್ನು ನೋಡುವುದು ಕೊನೆಯಲ್ಲಿ ಒಂದೇ ಸಲ. ಆ ಹುಡುಗ ಅದನ್ನು ಕಂಡು, "ಎನ್ನ ಸಾರ್ ಇದು, ಮಳಿಗೈ ಕಡೈ ಕ್ಯಾಲ್ಕುಲೇಟರ್!" ಎಂದು ನಕ್ಕುಬಿಟ್ಟ. ಕಿರಾಣಿ ಅಂಗಡಿಯದು ಎಂದು. ಮಾನ್ಯಾ ಕೂಡ ತುಟಿ ಬಿಗಿಹಿಡಿದಳು, ನಗು ತಡೆಯಲು. ರಾಯರ ಕಿವಿ ಕೆಂಪಾದವು.

"ಒಂದು ತಿಂಗಳು ಟ್ರಯಲ್ ಅಂದಿರಲ್ಲ" ಎಂದರು ಅವನಿಗೆ. "ಇಟ್ಟು ಹೋಗಿ." ಅವನು ಹೋದ ಮೇಲೆ ಮಗಳಿಗೆ ಹೇಳಿದರು, "ನೋಡಮ್ಮಾ, ಮಂಜುನಾಥ್ ಹೋಟೆಲ್ ಕೆಲಸ ಬಂದಿದೆಯಲ್ಲ, ಅದನ್ನ ನೀನು ಇದರಲ್ಲಿ ಹಾಕು. ನಾನು ಕೈಲಿ ಹಾಕ್ತೀನಿ. ಎರಡೂ ತಾಳೆ ಆದ್ರೆ ತಗೋಳೋಣ. ಆಗಲಿಲ್ಲ ಅಂದ್ರೆ ಬೇಡ. ನಾನು ಲೆಕ್ಕ ಹಾಕ್ತೀನಿ, ಇವನು ಬರೀತಾನೆ. ಇಷ್ಟು ದಿವಸ ನಡೀಲಿಲ್ವಾ?"

ಹೀಗೆ ನನ್ನ ಕುರ್ಚಿ ಒಂದು ಹೋಟೆಲಿನ ಬೀಮಿಗೆ ನೇತುಬಿತ್ತು.

ಮರುದಿನ ರಾಯರು, "ನಡಿಯೋ, ಪ್ಯಾರೀಸ್‌ಗೆ ಹೋಗಿಬರೋಣ" ಎಂದರು. ಬೀಚ್ ಕಡೆಯ ಟ್ರೇನ್ ಹಿಡಿದೆವು. ಎದುರು ಸೀಟಿನ ಹೆಂಗಸಿನ ಮಲ್ಲಿಗೆ ಬುಟ್ಟಿಯನ್ನು ನೋಡುತ್ತ ರಾಯರು ಕೂತರು. ವ್ಯಾಪಾರದ ಪೇಟೆ ಪ್ಯಾರೀಸ್ ಕಾರ್ನರಿನ ಬೆವರು, ಕೈಗಾಡಿ, ತಳ್ಳಾಟದ ನಡುವೆ ಒಂದು ಕ್ಯಾಲ್ಕುಲೇಟರ್ ಸಗಟು ಅಂಗಡಿ ಹೊಕ್ಕೆವು.

"ಎಂಜಿನಿಯರ್ ಉಪಯೋಗಿಸುವಂಥದ್ದು ಕೊಡಿ" ಎಂದು ರಾಯರು ತಮಿಳಿನಲ್ಲಿ ಕೇಳಿದರು.

"ಮೊಮ್ಮಗನಿಗಾ ಸಾರ್?"

"ನನಗೇ."

ಅಂಗಡಿಯವನು ಸೈಂಟಿಫಿಕ್ ಕ್ಯಾಲ್ಕುಲೇಟರುಗಳನ್ನು ಹರಡಿದ. ಸಣ್ಣ ಸಣ್ಣ ಗುಂಡಿ, ಪ್ರತಿ ಗುಂಡಿಯ ನೆತ್ತಿಯ ಮೇಲೂ ಎರಡೆರಡು ಬಣ್ಣದ ಅಕ್ಷರ. ರಾಯರು ಕನ್ನಡಕ ಹಣೆಗೇರಿಸಿ, ಒಂದೊಂದನ್ನೂ ಮೂಗಿನ ಹತ್ತಿರ ಹಿಡಿದು ನೋಡಿದರು.

"ಸರ್, ನಿಮ್ಮ ಹಳೇದೇ ಚೆನ್ನಾಗುಂಟಲ್ಲ. ಇದರ ಗುಂಡಿ ಕಾಣ್ತದಾ ನಿಮಗೆ?" ಎಂದೆ.

"ಸುಮ್ನಿರು. ನಾಳೆ ಇನ್ಯಾವನೋ ಬಂದು ನಗಬೇಕಾ?"

ಎಲ್ಲಕ್ಕಿಂತ ಹೆಚ್ಚು ಗುಂಡಿ ಇದ್ದದ್ದನ್ನು ಆರಿಸಿದರು. ಹಳೆಯದನ್ನು ಆಫೀಸಿಗೆ ಬಂದವರೇ ಕೆಳಗಿನ ಟೈಲರನಿಗೆ ಕೊಟ್ಟುಬಿಟ್ಟರು.

ಮಂಜುನಾಥ್ ಅವರದು ವಡಪಳನಿಯಲ್ಲಿ ಹೋಟೆಲು. ನಮ್ಮ ಕರಾವಳಿಯ ಕಡೆಯವರೇ. ಕೆಳಗೆ ಊಟದ ಹಾಲ್ ದೊಡ್ಡದು ಮಾಡಿ, ಅಡುಗೆಮನೆಯನ್ನು ಮಹಡಿಗೆ ಏರಿಸಬೇಕೆಂದು ಅವರ ಆಸೆ. ಅಂದರೆ ಗ್ರೈಂಡರುಗಳು, ನೆನೆಹಾಕಿದ ಅಕ್ಕಿಯ ಡ್ರಮ್ಮುಗಳು, ನೀರಿನ ತೊಟ್ಟಿ ಎಲ್ಲ ಮೇಲೆ. ಕೆಳಗೆ ನಡುವೆ ಕಂಬ ಇರಬಾರದು, ಟೇಬಲ್ ಹಾಕಲು ಅಡ್ಡ. ಹಾಗಾಗಿ ಒಂದು ಉದ್ದ ಬೀಮು ಆ ಅಷ್ಟೂ ಭಾರ ಹೊರಬೇಕು. ಅದೇ ಬೀಮನ್ನು ಅಪ್ಪ ಮಗಳು ಇಬ್ಬರೂ ಹಿಡಿದು ಕೂತರು.

ಮಾನ್ಯಾಳ ಸಾಫ್ಟ್‌ವೇರ್ ಐದು ಕಂಬಿ ಬೇಕೆಂದಿತು. ರಾಯರ ಕೈಲೆಕ್ಕ ನಾಲ್ಕು ಎಂದಿತು.

"ಒಂದು ಕಂಬಿ ಜಾಸ್ತಿ ತಿನ್ನತ್ತೆ ನಿನ್ನ ಯಂತ್ರ" ಎಂದರು ರಾಯರು. ಬಹಳ ದಿನಗಳ ಮೇಲೆ ಅವರ ಮುಖದಲ್ಲಿ ಗೆಲುವು ಕಂಡಿತು.

"ಅಪ್ಪಾ, ಲೋಡ್ ಎಲ್ಲ ನಾನು ಸರಿಯಾಗಿ ಕೊಟ್ಟಿದೀನಿ. ನಿಮ್ಮ ಲೆಕ್ಕ ಒರು ತಡವೈ, ಒಂದೇ ಸಲ ತೋರಿಸಿ."

"ನಾನು ನಿನಗೆ ತೋರಿಸಬೇಕಾ? ನೀನು ಹುಟ್ಟೋಕೆ ಮುಂಚೆ ನಾನು ಬೀಮು ಹಾಕ್ತಿದ್ದೆ."

"ನಾನು ಅದನ್ನ ಹೇಳಲಿಲ್ಲ ಪಾ."

"ಮತ್ತೆ ಇನ್ನೊಂದು ಸಲ ಹಾಕಿದೀನಿ. ಅದೇ ಬಂತು. ಸಾಕಾ?"

ಮಾನ್ಯಾಳ ಭುಜ ಇಳಿಯಿತು. "ಸರಿ ಪಾ" ಎಂದಳು. ಹೋಗಿ ತನ್ನ ಮೇಜಿನಲ್ಲಿ ಕೂತು, ಆ ಹುಡುಗನಿಗೆ ಬೇಡವೆಂದು ಮೆಸೇಜ್ ಬರೆಯತೊಡಗಿ, ಮುಗಿಸದೆ ಫೋನ್ ಕವುಚಿ ಇಟ್ಟಳು. ನನಗೆ ಕೂಗಬೇಕೆನಿಸುವಷ್ಟು ಖುಷಿ. ಆ ಸಂಜೆ ಅಮ್ಮನಿಗೆ ಹೂ ಕೊಂಡುಹೋದೆ. "ಎಂತ, ಸಂಬಳ ಹೆಚ್ಚಾಯ್ತಾ?" ಎಂದು ಅಮ್ಮ ಕೇಳಿದಳು. "ಕಡಿಮೆ ಆಗ್ಲಿಲ್ಲ" ಎಂದೆ.

ಆ ಖುಷಿ ಎರಡು ದಿನವೂ ಬಾಳಲಿಲ್ಲ.

ಬೇರೆ ಯಾರದೋ ಮನೆಯ ನಕ್ಷೆ ಬರೆಯುತ್ತಿದ್ದೆ. ಸಾಲಾಗಿ ಕಂಬಗಳು. ಕಂಬದ ಅಗಲಕ್ಕೆ ನಡುವಿನ ಜಾಗ ಕೂಡಿಸಿ, ಬಂದದ್ದನ್ನು ನಾಲ್ಕರಿಂದ ಗುಣಿಸಬೇಕು. ನನ್ನ ಫೋನು ಚಾರ್ಜಿಗೆ ಹಾಕಿತ್ತು. ರಾಯರು ಊಟಕ್ಕೆ ಹೋಗಿದ್ದರು. ಅವರ ಹೊಸ ಕ್ಯಾಲ್ಕುಲೇಟರ್ ತೆಗೆದುಕೊಂಡು, ಹಳೆಯದರಲ್ಲಿ ಒತ್ತುತ್ತಿದ್ದ ಹಾಗೆಯೇ ಒತ್ತಿದೆ. ಬಂದ ಅಳತೆಯಲ್ಲಿ ಗೆರೆ ಎಳೆದರೆ ಕಟ್ಟಡ ಎರಡಡಿ ಕುಗ್ಗಿತ್ತು. ಕೊನೆಯ ಕಂಬ ಬಚ್ಚಲುಮನೆಯ ನಡುವೆ ಬಂದು ನಿಂತಿತ್ತು. ಮತ್ತೆ ಒತ್ತಿದೆ. ಅದೇ. ಬೈದುಕೊಂಡು ಕಾಗದದ ಮೇಲೆ ಹಾಕಿದೆ. ಕಾಗದದ ಮೇಲೆ ಸರಿ ಬಂತು.

ಅಂಗಡಿಯ ಕ್ಯಾಲ್ಕುಲೇಟರಿಗೆ ಬುದ್ಧಿ ಇಲ್ಲ. ನೀವು ಒತ್ತಿದ ಹಾಗೆ ಒಂದರ ಹಿಂದೆ ಒಂದು ಮಾಡುತ್ತ ಹೋಗುತ್ತದೆ. ಮೊದಲು ಕೂಡು ಅಂದರೆ ಕೂಡುತ್ತದೆ, ಆಮೇಲೆ ಗುಣಿಸು ಅಂದರೆ ಬಂದ ಮೊತ್ತವನ್ನೇ ಗುಣಿಸುತ್ತದೆ. ಈ ಸೈಂಟಿಫಿಕ್ ಎಂಬುದು ಶಾಲೆಗೆ ಹೋಗಿ ಬಂದದ್ದು. ಗುಣಾಕಾರ ಮೊದಲು, ಸಂಕಲನ ಆಮೇಲೆ ಎಂಬ ನಿಯಮ ಅದಕ್ಕೆ ಗೊತ್ತು. ಅದು ಕೊನೆಯ ಅಂಕಿಯನ್ನು ಮಾತ್ರ ಗುಣಿಸಿ, ಆಮೇಲೆ ಮೊದಲನೆಯದನ್ನು ಕೂಡಿಸುತ್ತದೆ. ಬ್ರ್ಯಾಕೆಟ್ ಹಾಕಿ ಹೇಳಿದರೆ ಮಾತ್ರ ನಮ್ಮ ಮಾತು ಕೇಳುತ್ತದೆ. ರಾಯರ ಬೆರಳು ಆಯುಷ್ಯದಲ್ಲಿ ಬ್ರ್ಯಾಕೆಟ್ ಒತ್ತಿದ್ದಿಲ್ಲ.

ಅವರ ಮೇಜಿನ ಮೇಲೆ ಹೋಟೆಲಿನ ಹಾಳೆ ಇತ್ತು. ಬೀಮಿನ ಮೇಲೆ ಕಾಂಕ್ರೀಟಿನದೇ ಸ್ವಂತ ಭಾರ ಇಪ್ಪತ್ತು. ಜನ, ಗ್ರೈಂಡರು, ನೀರು ಇವುಗಳ ಭಾರ ಹನ್ನೆರಡು. ಎರಡನ್ನೂ ಕೂಡಿಸಿ, ಸುರಕ್ಷಿತವಾಗಿರಲೆಂದು ಒಂದೂವರೆ ಪಟ್ಟು ಮಾಡಬೇಕು, ಅದು ನಿಯಮ. ಇಪ್ಪತ್ತು, ಕೂಡು, ಹನ್ನೆರಡು, ಗುಣಿಸು, ಒಂದೂವರೆ. ಒತ್ತಿದೆ. ಮೂವತ್ತೆಂಟು. ಹಾಳೆಯ ಮೇಲೂ ರಾಯರ ಅಕ್ಷರದಲ್ಲಿ ಮೂವತ್ತೆಂಟು ಎಂದೇ ಇತ್ತು. ಬರಬೇಕಾದ್ದು ನಲವತ್ತೆಂಟು.

ಕ್ಯಾಲ್ಕುಲೇಟರನ್ನು ಇದ್ದಲ್ಲೇ ಇಟ್ಟು ಬಂದು ನನ್ನ ಕುರ್ಚಿಯಲ್ಲಿ ಕೂತೆ. ಮೊದಲು ಬಂದದ್ದು ಸಿಟ್ಟು. ಯಾರ ಮೇಲೆ ಎಂದು ಕೇಳಬೇಡಿ. ಆ ನಕ್ಕ ಹುಡುಗನ ಮೇಲೆ, ನಗು ತಡೆದ ಮಾನ್ಯಾಳ ಮೇಲೆ, ಕಿವಿ ಕೆಂಪು ಮಾಡಿಕೊಂಡು ಪ್ಯಾರೀಸಿಗೆ ಓಡಿದ ಮುದುಕರ ಮೇಲೆ. ಇದು ನನ್ನ ಕಣ್ಣಿಗೇ ಯಾಕೆ ಬೀಳಬೇಕಿತ್ತು? ಹೇಳಿದರೆ ಸಾಫ್ಟ್‌ವೇರ್ ಸರಿ ಎಂದಾಗುತ್ತದೆ. ಮಾನ್ಯಾ ಫೋನ್ ಎತ್ತುತ್ತಾಳೆ. ಡ್ರಾಫ್ಟ್ಸ್‌ಮನ್ ವೇಣಾಂ. ಹೇಳದಿದ್ದರೆ ನಾಲ್ಕು ಕಂಬಿಯ ಬೀಮು ಗ್ರೈಂಡರುಗಳನ್ನು ಹೊತ್ತು ನಿಲ್ಲುತ್ತದೆ. ತಕ್ಷಣ ಬೀಳದೇ ಇರಬಹುದು. ಎಷ್ಟೋ ಕಟ್ಟಡಗಳು ತಪ್ಪು ಲೆಕ್ಕದ ಮೇಲೂ ನಿಂತಿವೆ. ಆದರೆ ಅದರ ಕೆಳಗೆ ಜನ ಕೂತು ಉಣ್ಣುತ್ತಾರೆ. ಹೋಟೆಲಿನಲ್ಲಿ ಕೆಲಸ ಮಾಡಿದವನು ನಾನು. ಮಧ್ಯಾಹ್ನದ ಹೊತ್ತಿಗೆ ಒಂದು ಹಾಲಿನಲ್ಲಿ ಎಷ್ಟು ಮಂದಿ ತುಂಬಿರುತ್ತಾರೆ ಎಂದು ನನಗೆ ಯಾರೂ ಹೇಳಬೇಕಿಲ್ಲ.

ಮಧ್ಯಾಹ್ನವಿಡೀ ಹೋಟೆಲಿನ ನಕ್ಷೆಯನ್ನು ತೆರೆದಿಟ್ಟುಕೊಂಡು ಕೂತೆ. ಸಂಜೆಯಾಗುವಾಗ ಒಂದು ಉಪಾಯ ಹೊಳೆಯಿತು. ಅಷ್ಟು ಸುಲಭದ್ದು ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ನಾಚಿಕೆಯಾಯಿತು. ರಾಯರು ನಾಲ್ಕು ಎಂದು ಗೀಚಿದ್ದಾರೆ. ನಾನು ಐದು ಬರೆಯುತ್ತೇನೆ. ಈಚೆಗೆ ಅವರ ಕಣ್ಣಿಗೆ ಸಣ್ಣ ಅಂಕಿ ಹಿಡಿಯುವುದಿಲ್ಲ, ಪ್ರಿಂಟಿನ ಮೂಲೆ ಹುಡುಕಿ ಸಹಿ ಹಾಕುತ್ತಾರೆ, ಅಷ್ಟೆ. ಬೀಮು ಗಟ್ಟಿ. ಕುರ್ಚಿ ಗಟ್ಟಿ. ಮುದುಕರ ಮರ್ಯಾದೆಯೂ ಗಟ್ಟಿ. ಯಾರಿಗೆ ಏನು ನಷ್ಟ?

ಐದನೆಯ ಕಂಬಿ ಎಳೆದೆ. ಅಂಕಿ ತಿದ್ದಿದೆ. ಮರುದಿನ ರಾಯರು ಸಹಿ ಹಾಕಿದರು. ಪ್ರಿಂಟ್ ಸೈಟಿಗೆ ಹೋಯಿತು.

ವಾರದ ಮೇಲೆ ಮಂಜುನಾಥ್ ಮೆಟ್ಟಿಲು ಹತ್ತಿ ಬಂದರು. ಬಿಳಿ ಅಂಗಿಯ ಜೇಬಿನಲ್ಲಿ ಎರಡು ಫೋನು, ಕಂಕುಳಲ್ಲಿ ನನ್ನ ಪ್ರಿಂಟು. ಉಸ್ಸೆಂದು ಕುರ್ಚಿಗೆ ಬಿದ್ದರು.

"ಎಂತ ಸರ್, ನೀವು ಮೊನ್ನೆ ಫೋನಲ್ಲಿ ನಾಲ್ಕು ಕಂಬಿ ಸಾಕು ಅಂತ ಹೇಳಿದ್ದಲ್ವಾ? ನಾನು ಆ ಲೆಕ್ಕದಲ್ಲೇ ಕಬ್ಬಿಣ ತರಿಸಿದ್ದು. ಈಗ ಕಂಬಿ ಕಟ್ಟುವವ ಡ್ರಾಯಿಂಗ್ ನೋಡಿ ಐದು ಉಂಟು ಅಂತಾನೆ. ಕಡಿಮೆ ಬಿತ್ತು ಅಂತ ಕೆಲಸ ನಿಲ್ಸಿ ಬೀಡಿ ಸೇದ್ತಾ ಕೂತಿದ್ದಾನೆ ಮಾರ್ರೆ."

"ನಾಲ್ಕೇ" ಎಂದರು ರಾಯರು. "ಐದು ಯಾಕೆ ಇರತ್ತೆ?"

"ಇದಾ, ನೋಡಿ."

ರಾಯರು ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದರು. ಭೂತಗನ್ನಡಿ ತೆಗೆದರು. ಬಹಳ ಹೊತ್ತು ನೋಡಿದರು. ಮಾನ್ಯಾ ತನ್ನ ಮೇಜಿನಿಂದ ತಲೆಯೆತ್ತಿದಳು.

"ರಜತ್."

"ಸರ್."

"ಇದರಲ್ಲಿ ಐದು ಇದೆ."

"ಹೌದು ಸರ್."

"ನಾನು ಏನು ಬರೆದು ಕೊಟ್ಟಿದ್ದೆ?"

"ನಾಲ್ಕು ಸರ್" ಎಂದೆ. "ನನ್ನದೇ ತಪ್ಪು. ಹಳೇ ಡ್ರಾಯಿಂಗಿಂದ ಕಾಪಿ ಮಾಡುವಾಗ ಉಳಿದುಹೋಗಿದೆ."

"ಪಾಪ, ಹುಡುಗರು" ಎಂದರು ಮಂಜುನಾಥ್, ಖುಷಿಯಲ್ಲಿ. "ಒಂದು ಕಂಬಿ ಉಳೀತಲ್ಲ, ಅಷ್ಟೇ ಬೇಕು. ತೆಗೆದುಕೊಡಪ್ಪ, ನಾನು ಕೂತಿರ್ತೇನೆ."

"ತಿದ್ದಿ ಪ್ರಿಂಟ್ ಕೊಡು" ಎಂದರು ರಾಯರು.

ಅಷ್ಟೇ. ಯಾರೂ ಬೈಯಲಿಲ್ಲ. ಒಂದು ಗೆರೆ ಅಳಿಸಿದರೆ ಎಲ್ಲ ಮೊದಲಿನ ಹಾಗೇ. ಕಂಪ್ಯೂಟರಿಗೆ ಹೋದೆ. ನಕ್ಷೆ ತೆರೆದೆ. ಐದನೆಯ ಕಂಬಿಯ ಮೇಲೆ ಮೌಸ್ ಇಟ್ಟೆ, ಗೆರೆ ಚುಕ್ಕೆ ಚುಕ್ಕೆಯಾಯಿತು. ಇನ್ನು ಅಳಿಸುವ ಗುಂಡಿ ಒತ್ತಬೇಕು. ಹಿಂದೆ ಮಂಜುನಾಥ್ ಯಾರಿಗೋ ಫೋನಿನಲ್ಲಿ, "ಬೀಡಿ ಬಿಸಾಡ್ಲಿಕ್ಕೆ ಹೇಳು ಅವನಿಗೆ, ನಾಲ್ಕೇ ಅಂತೆ, ಇವತ್ತೇ ಕಟ್ಲಿ, ನಾಳೆ ಕಾಂಕ್ರೀಟ್" ಎನ್ನುತ್ತಿದ್ದರು. ನಾಳೆ ಕಾಂಕ್ರೀಟ್ ಬಿದ್ದರೆ ಆಮೇಲೆ ಯಾವ ದೇವರು ಬಂದರೂ ಒಳಗೆ ಕಂಬಿ ತೂರಿಸಲಾಗುವುದಿಲ್ಲ.

"ಏನೋ, ಆಯ್ತಾ?" ಎಂದರು ರಾಯರು.

"ಆಗೂದಿಲ್ಲ."

"ಏನು?"

"ತೆಗೀಲಿಕ್ಕೆ ಆಗೂದಿಲ್ಲ ಸರ್." ಎದ್ದು ನಿಂತಿದ್ದೆ. ದನಿ ನನಗೇ ಜೋರೆನಿಸಿತು. "ಐದೇ ಬೇಕು. ನಾನೇ ಹಾಕಿದ್ದು, ಬೇಕೂಂತಲೇ ಹಾಕಿದ್ದು. ನಿಮ್ಮ ಆ ಹಾಳು ಡಬ್ಬಿ ಉಂಟಲ್ಲ, ಅದು ನಿಮ್ಮ ಕೂಡುವ ಲೆಕ್ಕ ಕೂಡೂದಿಲ್ಲ. ಕಡೇದನ್ನ ಮಾತ್ರ ಗುಣಿಸ್ತದೆ. ಬೇಕಾದರೆ ಒತ್ತಿ ನೋಡಿ!"

ಮಂಜುನಾಥ್ ಫೋನನ್ನು ಕಿವಿಯಿಂದ ಇಳಿಸಿದರು. ಮಾನ್ಯಾ, "ರಜತ್, ಮೆದುವಾ" ಎಂದಳು. ಮೆಲ್ಲಗೆ ಎಂದು. ಇನ್ನೆಂಥ ಮೆಲ್ಲಗೆ?

ರಾಯರು ಕ್ಯಾಲ್ಕುಲೇಟರ್ ಎಳೆದುಕೊಂಡರು. ಈ ಸಲ ಕಣ್ಣು ಗುಂಡಿಯ ಮೇಲೇ ಇಟ್ಟು ಒಂದೊಂದಾಗಿ ಒತ್ತಿದರು. ನೋಡಿದರು. ಪೆನ್ಸಿಲ್ ತೆಗೆದು ಹಾಳೆಯ ಮೂಲೆಯಲ್ಲಿ, ಮಕ್ಕಳು ಹಾಕುವ ಹಾಗೆ, ಇಪ್ಪತ್ತರ ಕೆಳಗೆ ಹನ್ನೆರಡು ಬರೆದು ಗೆರೆ ಎಳೆದು ಕೂಡಿದರು. ಅದರರ್ಧವನ್ನು ಮತ್ತೆ ಅದಕ್ಕೆ ಕೂಡಿದರು. ನಲವತ್ತೆಂಟು. ಆ ಎರಡು ಅಂಕಿಗಳನ್ನೂ ನೋಡುತ್ತ ಕೂತರು. ಕೆಳಗೆ ಟೈಲರನ ಮೆಷಿನ್ನು ಓಡುತ್ತಿತ್ತು. ಅವರ ಮುಖ ನೋಡಲಾಗದೆ ನಾನು ಕಿಟಕಿ ನೋಡಿದೆ.

"ಮಂಜುನಾಥ್" ಎಂದರು ಕೊನೆಗೆ. "ಐದೇ ಬೇಕು. ನಾನು ಲೆಕ್ಕ ತಪ್ಪು ಹಾಕಿದ್ದೆ."

"ಎಂತ ಸರ್ ಇದು, ಇಷ್ಟೊತ್ತು ನಾಲ್ಕು ಅಂದ್ರಿ."

"ಅಂದೆ. ತಪ್ಪು. ಕಂಬಿ ತರಿಸಿ. ಬೇರೆ ಬೀಮುಗಳನ್ನೂ ನಾನು ಮತ್ತೆ ನೋಡ್ತೀನಿ, ಅಲ್ಲೀವರೆಗೆ ಕಾಂಕ್ರೀಟ್ ಹಾಕಬೇಡಿ."

ಮಂಜುನಾಥ್ ಮೇಲೆ ಕೆಳಗೆ ನೋಡಿ, "ಒಂದು ಕಂಬಿಗೆ ಎಂಥ ರಗಳೆ ಮಾರ್ರೆ" ಎಂದು ಗೊಣಗುತ್ತ, "ಪ್ರಿಂಟ್ ಇವನ ಹತ್ರ ಕಳಿಸಿ" ಎಂದು ಇಳಿದುಹೋದರು.

"ಅಪ್ಪಾ" ಎಂದಳು ಮಾನ್ಯಾ. "ಯಾರಿಗಾದ್ರೂ ಆಗತ್ತೆ ಪಾ. ಕಾಲೇಜಲ್ಲಿ ನಮಗೇ ಆಗತ್ತೆ."

"ಆ ಹುಡುಗನಿಗೆ ಫೋನ್ ಮಾಡಮ್ಮಾ. ತಗೋಳ್ತೀವಿ ಅನ್ನು."

ಹೀಗೆ ಅದು ತೀರ್ಮಾನವಾಯಿತು. ಬರುತ್ತದೆಂದು ನನಗೆ ಗೊತ್ತಿದ್ದ ಮಾತೇ. ಕೂತೆ.

"ನಿನಗೆ ಯಾವಾಗ ಗೊತ್ತಾಯ್ತು?" ರಾಯರು ಕೇಳಿದರು.

"ಡ್ರಾಯಿಂಗ್ ಕೊಡುವ ಮೊದಲೇ."

"ನನಗೆ ಹೇಳಲಿಲ್ಲ."

"ಹೇಳಿದ್ರೆ ಅದನ್ನ ತಗೋತಿದ್ರಿ. ನನ್ನನ್ನ ಎಂತಕ್ಕೆ ಇಟ್ಕೊಳ್ತಿದ್ರಿ?" ಸಿಟ್ಟು ಮತ್ತೆ ನೆತ್ತಿಗೇರಿತು. "ನೀವು ತಪ್ಪು ಮಾಡಿದ್ರಿ, ನಾನು ಬೀಮು ಉಳಿಸಿದೆ. ಅದೂ ನನ್ನ ತಪ್ಪಾ ಈಗ?"

ಅವರು ಕೂಗಾಡಿದ್ದರೆ ನಾನೂ ಕೂಗಾಡಿ ಬಾಗಿಲು ಬಡಿದು ಹೋಗುತ್ತಿದ್ದೆ. ಅವರು ಕೂಗಾಡಲಿಲ್ಲ. ದಣಿದ ದನಿಯಲ್ಲಿ, ಬೀಮಿನ ವಿಷಯ ವಿವರಿಸುವ ಹಾಗೆಯೇ ಹೇಳಿದರು.

"ಬೀಮು ಉಳಿಸಿದೆ. ಇಲ್ಲ ಅನ್ನಲ್ಲ. ಆದರೆ ನಾನು ಸಹಿ ಹಾಕಿದ ಕಾಗದದಲ್ಲಿ, ನನಗೆ ಗೊತ್ತಿಲ್ಲದೆ ಒಂದು ಕಂಬಿ ಇತ್ತು. ಅದು ನನ್ನ ಕಣ್ಣಿಗೆ ಕಾಣಲ್ಲ ಅಂತ ನಿನಗೆ ಗೊತ್ತಿತ್ತು, ಅದಕ್ಕೇ ಹಾಕಿದೆ. ಇವತ್ತು ಒಂದು ಸೇರಿಸಿದೆ. ಸರಿಯಾಗಿತ್ತು. ನಾಳೆ ನಿನಗೆ ಯಾವುದೋ ಒಂದು ಜಾಸ್ತಿ ಅನ್ನಿಸಿ, ನೀನು ತೆಗೆದರೆ?"

"ನಾನು ತೆಗೀತಿರಲಿಲ್ಲ ಸರ್."

"ಇರಬಹುದು. ನನಗೆ ಹೇಗೆ ಗೊತ್ತಾಗಬೇಕು? ಇನ್ನು ಮೇಲೆ ನೀನು ಕೊಟ್ಟ ಹಾಳೆ ಪ್ರತಿಯೊಂದನ್ನೂ ನಾನು ಭೂತಗನ್ನಡಿ ಹಿಡಿದು ಎಣಿಸಬೇಕು. ನನ್ನ ಕೈಲಿ ಆಗಲ್ಲಪ್ಪಾ."

ಬಾಯಿ ಜೋರು ಎಂದೇ ನನ್ನನ್ನು ಶಾಲೆಯಿಂದಲೂ ಹೊರಗೆ ಹಾಕಿದ್ದು. ಅವರು ಹೇಳಿದ್ದು ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಮಾನ್ಯಾ ಏನೋ ಹೇಳಲು ಹೊರಟಳು. "ಅಪ್ಪಾ, ಅದರಲ್ಲಿ ಡ್ರಾಯಿಂಗ್ ತಿದ್ದೋಕೆ ಒಬ್ಬರು ಬೇಕಾಗತ್ತೆ, ರಜತ್‌ಗೆ ಕಲಿಸಿದ್ರೆ..." ರಾಯರು ಕೈಯೆತ್ತಿದರು. ಅವಳು ನಿಲ್ಲಿಸಿದಳು. ನನ್ನ ಕಡೆ ನೋಡಿ, ಮತ್ತೆ ತನ್ನ ಪರದೆ ನೋಡಿದಳು.

ಐದು ಕಂಬಿ ಹಾಗೇ ಉಳಿಸಿ, ಆ ಬೀಮಿನ ಪ್ರಿಂಟ್ ತೆಗೆದೆ. ರಾಯರು ಅದನ್ನು ಮೇಜಿನ ಮೇಲೆ ಹರಡಿ, ಪೆನ್ನಿನ ತುದಿಯಿಂದ ಒಂದೊಂದೇ ಕಂಬಿ ಮುಟ್ಟಿ ಎಣಿಸಿದರು. ತುಟಿ ಅಲ್ಲಾಡುತ್ತಿತ್ತು. ಸಹಿ ಹಾಕಿದರು.

"ನಾಳೆ ಬರ್ಲಾ ಸರ್?"

"ಬಾ. ನಿನ್ನ ಡ್ರಾಯಿಂಗ್ ಎಲ್ಲ ಎಲ್ಲೆಲ್ಲಿ ಇಟ್ಟಿದೀಯ ಅಂತ ಅವಳಿಗೆ ತೋರಿಸು."

"ಆಮೇಲೆ?"

ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ಆಮೇಲೆ ನೋಡೋಣ."

ಆ ಮಾತು ನನಗೆ ಗೊತ್ತು. ಸೈಟು ತೋರಿಸಿ, ಪ್ಲಾನ್ ಹಾಕಿಸಿ, ಕೊನೆಗೆ ಎಂದೂ ಕಟ್ಟದೆ ಹೋಗುವ ಪಾರ್ಟಿಗಳಿಗೆ ಅವರು ಹೇಳುವ ಮಾತು ಅದು.

ವಡಪಳನಿಯ ಸೈಟು ತಲುಪುವಾಗ ಬಿಸಿಲು ಇಳಿಯುತ್ತಿತ್ತು. ಕಂಬಿ ಕಟ್ಟುವ ಅಣ್ಣ ಹಲಗೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ಪ್ರಿಂಟ್ ಇಸಕೊಂಡು, ತಿರುಗಿಸಿ ಮುರುಗಿಸಿ ನೋಡಿದ. "ಫೈನಲಾ ತಂಬಿ? ಮತ್ತೆ ಬದಲಾಯಿಸಬಾರದು" ಎಂದ.

"ಈ ಬೀಮು ಫೈನಲ್."

"ಹಾಗಾದ್ರೆ ಮೊದಲೇ ಸರಿ ಇತ್ತಲ್ಲ. ಸುಮ್ಮನೆ ಅರ್ಧ ದಿನ ವೇಸ್ಟು" ಎಂದು ತಮಿಳಿನಲ್ಲಿ ಬೈದು, ತಂತಿಯ ಸುರುಳಿ ಎತ್ತಿಕೊಂಡ. "ಸ್ಲ್ಯಾಬ್ ಡ್ರಾಯಿಂಗ್ ಯಾವಾಗ? ನೀನೇ ತಾನೆ ತರೋದು?"

ಜಲ್ಲಿಯ ರಾಶಿಯ ಮೇಲೆ ಕೂತೆ. ಕೂತ ಮೇಲೆ ಏಳಲು ಮನಸ್ಸು ಬರಲಿಲ್ಲ.

"ಗೊತ್ತಿಲ್ಲಣ್ಣ" ಎಂದೆ. "ಯಾರಾದರೂ ತರ್ತಾರೆ."